ಎದೆ ಉಳಿಸಿಕೊಳ್ಳಬೇಕಾ, ಪೂರ್ತಿ ತೆಗೆಸಬೇಕಾ? ಸ್ತನ ಕ್ಯಾನ್ಸರ್ ಆಪರೇಷನ್ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಟು ಕಂಡು, ಬಯಾಪ್ಸಿ ಆಗಿ, ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಮೇಲೆ ಬರುವ ಪ್ರಶ್ನೆಗಳು ಇವು. ಕೇಳುವವರು ಸಕಲೇಶಪುರ, ಬೇಲೂರು, ಅರಸೀಕೆರೆ, ಮೂಡಿಗೆರೆ, ಕೊಪ್ಪ, ಕಡೂರು ಕಡೆಯವರು. ಕೆಲವು ಸಲ ರೋಗಿಯೇ ಕೇಳುತ್ತಾರೆ. ಜಾಸ್ತಿ ಸಲ ಅವರ ಮಗನೋ ತಮ್ಮನೋ ಕೇಳುತ್ತಾರೆ. ನಾನು ಡಾಕ್ಟರಲ್ಲ. ರೋಗಿಗಳ ಜೊತೆ ಆಸ್ಪತ್ರೆಗೆ ಹೋಗಿ, ಅಲ್ಲಿ ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಇದನ್ನು ಓದಿಕೊಂಡು ಹೋದರೆ ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರುತ್ತದೆ. ನಿಮ್ಮ ರಿಪೋರ್ಟ್ ಕೈಯಲ್ಲಿ ಹಿಡಿದು ನೋಡಿದ ಡಾಕ್ಟರ ಮಾತು ಇದಕ್ಕಿಂತ ಮೇಲೆ.

ಡಾಕ್ಟರು "ಎರಡರಲ್ಲಿ ಯಾವುದು ಬೇಕಾದರೂ ಮಾಡಬಹುದು, ನೀವೇ ಹೇಳಿ" ಅಂದರು. ಅವರಿಗೇ ಗೊತ್ತಿಲ್ವಾ?

ಗೊತ್ತಿದೆ. ಗೊತ್ತಿರುವುದಕ್ಕೇ ಹಾಗೆ ಕೇಳುತ್ತಾರೆ. ಕಾಯಿಲೆ ಶುರುವಿನ ಹಂತದಲ್ಲಿದ್ದರೆ ಮುಖ್ಯವಾಗಿ ಎರಡು ದಾರಿ ಇವೆ. ಒಂದರಲ್ಲಿ ಗಂಟು ಮತ್ತು ಅದರ ಸುತ್ತ ಸ್ವಲ್ಪ ಒಳ್ಳೆಯ ಭಾಗ ಸೇರಿಸಿ ತೆಗೆಯುತ್ತಾರೆ, ಎದೆ ಉಳಿಯುತ್ತದೆ, ಆಮೇಲೆ ರೇಡಿಯೇಷನ್ ಕೊಡುತ್ತಾರೆ. ಇದಕ್ಕೆ ಲಂಪೆಕ್ಟಮಿ ಅಂತಲೂ ಬಿಸಿಎಸ್ ಅಂತಲೂ ಬರೆಯುತ್ತಾರೆ. ಇನ್ನೊಂದರಲ್ಲಿ ಇಡೀ ಸ್ತನವನ್ನೇ ತೆಗೆಯುತ್ತಾರೆ, ಅದು ಮ್ಯಾಸ್ಟೆಕ್ಟಮಿ. ಚೀಟಿಯಲ್ಲಿ ಎಂಆರ್‌ಎಂ ಅಂತ ಇದ್ದರೆ ಸ್ತನದ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಾರೆ ಅಂತ ಅರ್ಥ.

ಎರಡರಲ್ಲೂ ಬದುಕುವ ಅವಕಾಶ ಒಂದೇ ಆಗಿದ್ದಾಗ ತೂಕ ಹಾಕಬೇಕಾದ್ದು ಬೇರೆ ವಿಷಯಗಳನ್ನು. ರೇಡಿಯೇಷನ್‌ಗೆ ದಿನಾ ಹೋಗಿ ಬರಲು ಆಗುತ್ತದಾ, ಎದೆ ಇಲ್ಲದೆ ಕನ್ನಡಿ ನೋಡಲು ಆಗುತ್ತದಾ, ಉಳಿಸಿಕೊಂಡರೆ ರಾತ್ರಿ ಭಯದಲ್ಲೇ ಕಳೆಯುತ್ತೀರಾ. ಇವನ್ನು ಡಾಕ್ಟರು ಹೇಳಲು ಆಗಲ್ಲ, ಅಲ್ವಾ?

ಪೂರ್ತಿ ತೆಗೆಸಿದರೆ ಜಾಸ್ತಿ ದಿನ ಬದುಕಬಹುದು ಅಂತ ಎಲ್ಲರೂ ಹೇಳ್ತಾರೆ. ನಿಜಾನಾ?

ಶುರುವಿನ ಹಂತದಲ್ಲಿ ನಿಜವಲ್ಲ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಬಹಳಷ್ಟು ಮನೆಗಳಲ್ಲಿ ತೀರ್ಮಾನ ಆಗುವುದು ಈ ಒಂದು ನಂಬಿಕೆಯ ಮೇಲೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅನ್ನುವ ಸರ್ಜನ್ ಒಂದು ದೊಡ್ಡ ಆಪರೇಷನ್ ಜಾರಿಗೆ ತಂದರು. ಸ್ತನ, ಅದರ ಹಿಂದಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಕ್ಯಾನ್ಸರ್ ಒಂದೇ ಕಡೆಯಿಂದ ಅಕ್ಕಪಕ್ಕಕ್ಕೆ ಹರಡುತ್ತಾ ಹೋಗುತ್ತದೆ, ಅಗಲವಾಗಿ ಕತ್ತರಿಸಿದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಅದು. ಸುಮಾರು 1970ರ ದಶಕದವರೆಗೂ ಅದೇ ನಡೆಯಿತು. ಪಕ್ಕೆಲುಬು ಕಾಣುವ ಹಾಗೆ ಎದೆ ಗುಳಿ ಬೀಳುತ್ತಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ.

ಆಮೇಲೆ ಇಬ್ಬರು ಸರ್ಜನ್‌ಗಳು ಇದನ್ನು ಪರೀಕ್ಷೆಗೆ ಹಚ್ಚಿದರು. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 1973ರಲ್ಲಿ ಶುರು ಮಾಡಿದರು. 701 ಹೆಂಗಸರು, ಎಲ್ಲರದ್ದೂ 2 ಸೆಂ.ಮೀ. ಒಳಗಿನ ಗಂಟು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಶುರು ಮಾಡಿದರು. ಅಲ್ಲಿ 4 ಸೆಂ.ಮೀ. ವರೆಗಿನ ಗಂಟಿನ 1,851 ಹೆಂಗಸರು. ಕೆಲವರಿಗೆ ಪೂರ್ತಿ ತೆಗೆದು, ಉಳಿದವರಿಗೆ ಎದೆ ಉಳಿಸಿ ಆಪರೇಷನ್ ಮಾಡಿ 20 ವರ್ಷ ಅವರನ್ನೆಲ್ಲ ಗಮನಿಸಿದರು. ಎರಡರ ಫಲಿತಾಂಶವೂ 2002ರಲ್ಲಿ ಬಂತು. ಬದುಕಿದವರ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಮಿಲಾನ್‌ನಲ್ಲಿ ಪೂರ್ತಿ ತೆಗೆಸಿದವರಲ್ಲಿ ತೀರಿಕೊಂಡವರು 41.2%, ಉಳಿಸಿಕೊಂಡವರಲ್ಲಿ 41.7%. ಇದು ಹಳೆಯ ಕಾಲದ ಔಷಧಿಗಳ ಲೆಕ್ಕ. ಈಗಿನ ಮಾತ್ರೆ, ಇಂಜೆಕ್ಷನ್‌ಗಳಿಂದ ಬದುಕುವವರು ಇನ್ನೂ ಜಾಸ್ತಿ. ಇಲ್ಲಿ ನೋಡಬೇಕಾದ್ದು ಎರಡು ಅಂಕಿ ಎಷ್ಟು ಹತ್ತಿರ ಇವೆ ಅನ್ನುವುದನ್ನು.

ಕಾರಣ ಏನು ಅಂದರೆ, ಸ್ತನ ಕ್ಯಾನ್ಸರ್‌ನಲ್ಲಿ ಜೀವ ತೆಗೆಯುವುದು ಸ್ತನದಲ್ಲಿರುವ ಗಂಟಲ್ಲ. ಮೂಳೆ, ಶ್ವಾಸಕೋಶ, ಲಿವರ್‌ಗೆ ಹೋಗಿ ಕೂತ ಕಣಗಳು ತೆಗೆಯುತ್ತವೆ. ಅವು ಹೋಗುವುದಾದರೆ ಆಪರೇಷನ್‌ಗೆ ಮುಂಚೆಯೇ ರಕ್ತದಲ್ಲಿ ಹೊರಟಿರಬಹುದು. ಅವುಗಳನ್ನು ಹಿಡಿಯುವುದು ಕೀಮೋ, ಹಾರ್ಮೋನ್ ಮಾತ್ರೆ, ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವವರಿಗೆ ಅದರ ಇಂಜೆಕ್ಷನ್. ಎದೆ ಎಷ್ಟು ಅಗಲಕ್ಕೆ ಕತ್ತರಿಸಿದರು ಅನ್ನುವುದರಿಂದ ಅವಕ್ಕೆ ಏನೂ ಆಗುವುದಿಲ್ಲ.

ಹಾಗಾದರೆ ಉಳಿಸಿಕೊಂಡ ಎದೆಯಲ್ಲಿ ಮತ್ತೆ ಬರೋದಿಲ್ವಾ?

ಬರಬಹುದು. ಪೂರ್ತಿ ತೆಗೆಸಿದವರಿಗಿಂತ ಈ ಸಾಧ್ಯತೆ ಸ್ವಲ್ಪ ಜಾಸ್ತಿ. ಇದನ್ನು ಮುಚ್ಚಿಡಬಾರದು. ಮಿಲಾನ್‌ನಲ್ಲಿ 20 ವರ್ಷದಲ್ಲಿ ಅದೇ ಎದೆಯಲ್ಲಿ ಮತ್ತೆ ಬಂದಿದ್ದು 8.8% ಜನಕ್ಕೆ. ಪೂರ್ತಿ ತೆಗೆಸಿದವರಲ್ಲಿ ಆ ಜಾಗದಲ್ಲಿ ಬಂದಿದ್ದು 2.3%. ಹಾಗೆ ಬಂದರೆ ಆಗ ಪೂರ್ತಿ ತೆಗೆಯುತ್ತಾರೆ.

ಆದರೆ ಇದೆಲ್ಲ ರೇಡಿಯೇಷನ್ ತಗೊಂಡವರ ಮಾತು. ಫಿಶರ್ ಅವರ ಲೆಕ್ಕದಲ್ಲಿ ಗಂಟು ಮಾತ್ರ ತೆಗೆಸಿ ರೇಡಿಯೇಷನ್ ತಗೊಂಡವರಲ್ಲಿ 14.3% ಜನಕ್ಕೆ ಅದೇ ಎದೆಯಲ್ಲಿ ಮರಳಿ ಬಂತು. ರೇಡಿಯೇಷನ್ ತಗೊಳ್ಳದವರಲ್ಲಿ 39.2%. ಎದೆ ಉಳಿಸಿಕೊಂಡು ರೇಡಿಯೇಷನ್ ಅರ್ಧಕ್ಕೆ ಬಿಟ್ಟು ಬರುವುದು ಎರಡೂ ದಾರಿಗಿಂತ ಕೆಟ್ಟದ್ದು. ನಮ್ಮ ಕಡೆಯವರಿಗೆ ನಿಜವಾದ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ರೇಡಿಯೇಷನ್ ಅಂದರೆ ಎಷ್ಟು ದಿನ? ಊರಿಂದ ಓಡಾಡೋಕೆ ಆಗುತ್ತಾ?

ಜನ ಇದನ್ನು "ಕರೆಂಟ್ ಕೊಡೋದು" ಅನ್ನುತ್ತಾರೆ. ಕರೆಂಟ್ ಅಲ್ಲ, ಎಕ್ಸ್‌ರೇ ಥರದ್ದೇ ಜೋರಾದ ಕಿರಣ. ನೋವಿಲ್ಲ. ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ. ಆದರೆ ವಾರಕ್ಕೆ ಐದು ದಿನ ಹೋಗಬೇಕು. ಮೊದಲೆಲ್ಲ 25 ಸಲ, ಅಂದರೆ ಐದು ವಾರ ಆಗುತ್ತಿತ್ತು. ಈಗ ಬಹಳ ಕಡೆ 15 ಸಲ, ಅಂದರೆ ಮೂರು ವಾರ. ಗಂಟು ಇದ್ದ ಜಾಗಕ್ಕೆ ಇನ್ನೊಂದಷ್ಟು ದಿನ ಬೂಸ್ಟ್ ಅಂತ ಸೇರಿಸುವುದೂ ಉಂಟು. ಬ್ರಿಟನ್‌ನಲ್ಲಿ ಒಂದೇ ವಾರದಲ್ಲಿ 5 ಸಲ ಕೊಟ್ಟು ಮುಗಿಸುವ ಕ್ರಮವನ್ನು ಪರೀಕ್ಷೆ ಮಾಡಿ, 2020ರಲ್ಲಿ ಐದು ವರ್ಷದ ಫಲಿತಾಂಶ ಹೇಳಿದರು. ಕೆಲವರಿಗೆ ಅದು ಹೊಂದುತ್ತದೆ. "ನನಗೆ ಎಷ್ಟು ಸಲ? ಕಮ್ಮಿ ದಿನದ್ದು ಆಗುತ್ತಾ?" ಅಂತ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಓಡಾಟದ ಲೆಕ್ಕ ಹಾಕೋಣ. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ., ಮೈಸೂರು ಸುಮಾರು 120. ಚಿಕ್ಕಮಗಳೂರಿನಿಂದ ಚಾರ್ಮಾಡಿ ಮೇಲೆ ಮಂಗಳೂರು ಸುಮಾರು 150, ಬೆಂಗಳೂರು ಇನ್ನೂ ದೂರ. ದಿನಾ ಹೋಗಿ ಬರುತ್ತೇನೆ ಅನ್ನುವುದು ಮೊದಲ ವಾರದ ಉತ್ಸಾಹ. ಎರಡನೇ ವಾರಕ್ಕೆ ಸುಸ್ತು ಶುರುವಾಗುತ್ತದೆ, ಚರ್ಮ ಕಪ್ಪಾಗಿ ಉರಿಯುತ್ತದೆ. ಮಳೆಗಾಲ ಆದರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು ಅಂದರೆ ಮುಗಿಯಿತು. ಶುರು ಮಾಡಿದ ಮೇಲೆ ಮಧ್ಯೆ ಬಿಡುವು ಕೊಡಬಾರದು. ಹಾಗಾಗಿ ಮೂರು ವಾರ ಅಲ್ಲೇ ಇರುವ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಕಿದ್ವಾಯಿಯಲ್ಲಿ ಆವರಣದಲ್ಲೇ ಧರ್ಮಶಾಲೆ ಇದೆ. ನೆಂಟರ ಮನೆ ಇದ್ದರೆ ಸರಿ, ಆದರೆ ನೆಂಟರ ಮನೆ ಆಸ್ಪತ್ರೆಗೆ ಎಷ್ಟು ದೂರ ಅಂತಲೂ ನೋಡಿ. ಯಲಹಂಕದಲ್ಲಿದ್ದುಕೊಂಡು ಹೊಸೂರು ರಸ್ತೆ ಕಡೆಗೆ ದಿನಾ ಹೋಗುವುದೂ ಒಂದು ಶಿಕ್ಷೆಯೇ.

ಒಂದು ಅನುಕೂಲವೂ ಇದೆ. ರೇಡಿಯೇಷನ್ ಆಪರೇಷನ್ ಆದ ಮಾರನೇ ದಿನವೇ ಬರುವುದಿಲ್ಲ. ಗಾಯ ಮಾಯಬೇಕು. ಕೀಮೋ ಇದ್ದರೆ ಸಾಮಾನ್ಯವಾಗಿ ಅದು ಮುಗಿದ ಮೇಲೆ. ಹಾಗಾಗಿ ಯಾವ ತಿಂಗಳು ಬರಬಹುದು ಅಂತ ಮುಂಚೆಯೇ ಅಂದಾಜು ಸಿಗುತ್ತದೆ. ಕಾಫಿ ಹಣ್ಣು ಕುಯ್ಯುವ ಕಾಲ, ಮಕ್ಕಳ ಪರೀಕ್ಷೆ ಇವನ್ನೆಲ್ಲ ಡಾಕ್ಟರ ಹತ್ತಿರ ಹೇಳಿ. ನಾಲ್ಕು ದಿನ ಹಿಂದೆ ಮುಂದೆ ಮಾಡಲು ಆಗುತ್ತದಾ ಅಂತ ಅವರು ನೋಡುತ್ತಾರೆ. ತಿಂಗಳುಗಟ್ಟಲೆ ತಳ್ಳಲು ಬರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದೂರ ಅನ್ನುವ ಒಂದೇ ಕಾರಣಕ್ಕೆ ಎದೆ ಕಳೆದುಕೊಳ್ಳುವುದು ಬೇಸರದ ವಿಷಯ. ಆದರೆ ಜೊತೆಗೆ ಯಾರೂ ಇಲ್ಲದ, ದನಕರು ಬಿಟ್ಟು ಬರಲಾಗದ ಹೆಂಗಸು "ನನಗೆ ಪೂರ್ತಿ ತೆಗೆದುಬಿಡಿ, ಒಂದೇ ಸಲ ಮುಗಿಯಲಿ" ಅಂದರೆ ಅದೂ ತಿಳಿದು ಮಾಡಿದ ತೀರ್ಮಾನವೇ. ಅವರನ್ನು ಯಾರೂ ದಡ್ಡಿ ಅನ್ನಬಾರದು.

ಪೂರ್ತಿ ತೆಗೆಸಿದರೆ ರೇಡಿಯೇಷನ್ ತಪ್ಪುತ್ತದೆ ತಾನೆ?

ಖಂಡಿತ ತಪ್ಪುತ್ತದೆ ಅಂತ ಹೇಳಲಾಗದು. ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಚರ್ಮಕ್ಕೆ ಹತ್ತಿದ್ದರೆ, ಕಂಕುಳಿನ ನಾಲ್ಕು ಅಥವಾ ಜಾಸ್ತಿ ಗ್ರಂಥಿಗೆ ಹೋಗಿದ್ದರೆ ಪೂರ್ತಿ ತೆಗೆಸಿದ ಮೇಲೂ ರೇಡಿಯೇಷನ್ ಬೇಕಾಗುತ್ತದೆ. ಒಂದರಿಂದ ಮೂರು ಗ್ರಂಥಿಗೆ ಹೋಗಿದ್ದರೂ ಬಹಳ ಸಲ ಕೊಡುತ್ತಾರೆ. "ಕರೆಂಟ್ ತಪ್ಪಿಸೋಕೆ" ಅಂತಲೇ ಎದೆ ತೆಗೆಸಿ, ಆಮೇಲೆ ಬಯಾಪ್ಸಿ ರಿಪೋರ್ಟ್ ನೋಡಿ "ಕರೆಂಟೂ ಬೇಕು" ಅಂತ ಹೇಳಿಸಿಕೊಂಡು ಅತ್ತವರನ್ನು ನೋಡಿದ್ದೇನೆ. ಆಪರೇಷನ್‌ಗೆ ಮುಂಚೆ ಈ ಒಂದು ಪ್ರಶ್ನೆ ಕೇಳಿ: "ಪೂರ್ತಿ ತೆಗೆದರೂ ನನಗೆ ರೇಡಿಯೇಷನ್ ಬೇಕಾಗುವ ಸಾಧ್ಯತೆ ಎಷ್ಟು?" ಹೇಗಿದ್ದರೂ ಬೇಕಾಗುತ್ತದೆ ಅನ್ನುವಂತಿದ್ದರೆ ಲೆಕ್ಕವೇ ಬದಲಾಗುತ್ತದೆ.

ನಮ್ಮಜ್ಜಿಗೆ 74. ಇಷ್ಟೆಲ್ಲ ಬೇಕಾ?

70 ದಾಟಿದವರಿಗೆ ಗಂಟು 2 ಸೆಂ.ಮೀ. ಒಳಗಿದ್ದು, ಕಂಕುಳಿಗೆ ಹೋಗಿರದೆ, ಹಾರ್ಮೋನ್ ರಿಪೋರ್ಟ್ ಪಾಸಿಟಿವ್ ಆಗಿದ್ದರೆ, ಗಂಟು ಮಾತ್ರ ತೆಗೆಸಿ, ಐದು ವರ್ಷ ಹಾರ್ಮೋನ್ ಮಾತ್ರೆ ತಗೊಂಡು ರೇಡಿಯೇಷನ್ ಬಿಡುವ ದಾರಿ ಇದೆ. ಅದೇ ಎದೆಯಲ್ಲಿ ಮರಳಿ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಆಗುತ್ತದೆ, ಆಯಸ್ಸಿಗೆ ವ್ಯತ್ಯಾಸ ಇಲ್ಲ. ಆದರೆ ಮಾತ್ರೆ ಬಿಡದೆ ನುಂಗಬೇಕು. "ವಯಸ್ಸಾಯ್ತು, ಏನೂ ಬೇಡ" ಅಂತ ಮನೆಯಲ್ಲೇ ಇಟ್ಟುಕೊಂಡರೆ ಗಂಟು ಒಡೆದು ಹುಣ್ಣಾಗುತ್ತದೆ. ಆ ನರಳಾಟ ಸಣ್ಣ ಆಪರೇಷನ್‌ಗಿಂತ ಬಹಳ ಕಷ್ಟ.

ಯಾರಿಗೆ ಎದೆ ಉಳಿಸೋಕೆ ಆಗೋದೇ ಇಲ್ಲ?

ಒಂದೇ ಸ್ತನದಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯುತ್ತಾರೆ. ಸ್ತನ ಚಿಕ್ಕದಾಗಿ ಗಂಟು ದೊಡ್ಡದಿದ್ದರೆ ತೆಗೆದ ಮೇಲೆ ಉಳಿಯುವ ಆಕಾರ ಚೆನ್ನಾಗಿರುವುದಿಲ್ಲ. ಹಿಂದೆ ಎದೆಗೆ ರೇಡಿಯೇಷನ್ ಆಗಿದ್ದರೆ ಮತ್ತೆ ಕೊಡುವುದು ಕಷ್ಟ. ಬಸುರಿಯಾಗಿದ್ದಾಗ ರೇಡಿಯೇಷನ್ ಕೊಡುವುದಿಲ್ಲ, ಆದರೆ ದಿನ ತುಂಬುತ್ತಾ ಬಂದಿದ್ದರೆ ಹೆರಿಗೆ ಆದ ಮೇಲೆ ಕೊಡಬಹುದು. ಇಡೀ ಸ್ತನ ಕೆಂಪಾಗಿ, ಬಿಸಿಯಾಗಿ, ಚರ್ಮ ಕಿತ್ತಳೆ ಸಿಪ್ಪೆ ಹಾಗೆ ಆಗುವ ಒಂದು ಬಗೆ ಇದೆ. ಅದರಲ್ಲಿ ಮೊದಲು ಕೀಮೋ, ಆಮೇಲೆ ಪೂರ್ತಿ ತೆಗೆಯುವುದು, ಆಮೇಲೆ ರೇಡಿಯೇಷನ್. ಅಲ್ಲಿ ಆಯ್ಕೆ ಇಲ್ಲ.

ಗಂಟು ದೊಡ್ಡದಿದೆ, ಮೊದಲು ಕೀಮೋ ಕೊಡ್ತೀವಿ ಅಂದರು. ಆಪರೇಷನ್ ತಡ ಮಾಡಿದರೆ ಹರಡಲ್ವಾ?

ಕೀಮೋ ಅಂದರೇ ಟ್ರೀಟ್‌ಮೆಂಟ್. ಕಾಯುತ್ತಾ ಕೂತ ಹಾಗಲ್ಲ. ಗಂಟು ಕರಗಿ ಚಿಕ್ಕದಾದರೆ, ಮೊದಲು ಪೂರ್ತಿ ತೆಗೆಯಬೇಕು ಅಂದಿದ್ದವರಿಗೂ ಎದೆ ಉಳಿಸಬಹುದು. ಕೆಲವರಿಗೆ ಗಂಟು ಕೈಗೇ ಸಿಗದಷ್ಟು ಕರಗುತ್ತದೆ. ಅದಕ್ಕೇ ಕೀಮೋ ಶುರುವಾಗುವ ಮುಂಚೆ ಗಂಟಿನೊಳಗೆ ಸಣ್ಣ ಲೋಹದ ಕ್ಲಿಪ್ ಇಡುತ್ತಾರೆ, ಆಮೇಲೆ ಎಲ್ಲಿತ್ತು ಅಂತ ಹುಡುಕಲು. ಎದೆ ಉಳಿಸಿಕೊಳ್ಳುವ ಆಸೆ ಇದ್ದರೆ ಕ್ಲಿಪ್ ಹಾಕುತ್ತಾರಾ ಅಂತ ಮೊದಲ ಕೀಮೋಗಿಂತ ಮುಂಚೆ ಕೇಳಿ. ಕರಗಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಇಲ್ಲೇ ನಮ್ಮ ಊರಲ್ಲಿ ಗಂಟು ತೆಗೆಸಿಬಿಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗೋಣವಾ?

ದಯವಿಟ್ಟು ಬೇಡ. ನಾನು ಕಂಡಂತೆ ಜಾಸ್ತಿ ನಷ್ಟ ಆಗುವುದು ಇಲ್ಲೇ. "ಸಣ್ಣ ಗಂಟು, ಅರ್ಧ ಗಂಟೆ ಕೆಲಸ" ಅಂತ ಮೊದಲು ತೆಗೆದುಬಿಡುತ್ತಾರೆ. ಹದಿನೈದು ದಿನದ ಮೇಲೆ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬರುತ್ತದೆ. ಅಷ್ಟರಲ್ಲಿ ಗಂಟಿನ ಅಳತೆ ಎಷ್ಟಿತ್ತು, ಅಂಚು ಎಲ್ಲಿತ್ತು, ಕಂಕುಳು ಹೇಗಿತ್ತು ಒಂದೂ ಗೊತ್ತಿರುವುದಿಲ್ಲ. ಗಾಯವನ್ನೂ ಬೇಡದ ಕಡೆ ಮಾಡಿರುತ್ತಾರೆ. ಎರಡನೇ ಸಲ ಕತ್ತರಿಸಬೇಕಾಗುತ್ತದೆ, ಉಳಿಸಬಹುದಾಗಿದ್ದ ಎದೆ ಕೆಲವು ಸಲ ಉಳಿಯುವುದಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಕೈಯಿಂದ ಪರೀಕ್ಷೆ, ಆಮೇಲೆ ಮ್ಯಾಮೋಗ್ರಾಂ ಮತ್ತು ಸ್ಕ್ಯಾನ್, ಆಮೇಲೆ ದಪ್ಪ ಸೂಜಿಯಲ್ಲಿ ಚೂರು ತೆಗೆಯುವ ಟ್ರೂಕಟ್ ಬಯಾಪ್ಸಿ. ಆ ಚೂರಿನಲ್ಲೇ ಇಆರ್, ಪಿಆರ್ (ಇವೆರಡು ಹಾರ್ಮೋನ್‌ಗೆ), ಹರ್-2 ಅನ್ನುವ ಮೂರು ಪರೀಕ್ಷೆ ಮಾಡಿಸಬೇಕು. ಮ್ಯಾಮೋಗ್ರಾಂ, ಸ್ಕ್ಯಾನ್, ಬಯಾಪ್ಸಿ, ಈ ಮೂರು ಪರೀಕ್ಷೆಯ ರಿಪೋರ್ಟ್, ಹೀಗೆ ನಾಲ್ಕು ಕಾಗದ ಕೈಯಲ್ಲಿ ಇಲ್ಲದೆ ಯಾವ ಆಪರೇಷನ್‌ಗೂ ಸಹಿ ಹಾಕಬೇಡಿ. ಪರೀಕ್ಷೆಗಳನ್ನು ಹಾಸನದ ಹಿಮ್ಸ್, ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯ ಸರ್ಜರಿ ವಿಭಾಗದಿಂದಲೇ ಶುರು ಮಾಡಬಹುದು. ಮುಂದಕ್ಕೆ ಕಳಿಸುವ ರೆಫರಲ್ ಚೀಟಿಯೂ ಅಲ್ಲೇ ಸಿಗುತ್ತದೆ.

ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತಂತೆ?

ಇಲ್ಲ. ಸೂಜಿ ಚುಚ್ಚಿಸಿದ ಮೇಲೆ ಜಾಸ್ತಿ ಆಯಿತು ಅನ್ನುವವರಲ್ಲಿ ಹೆಚ್ಚಿನವರು ಚುಚ್ಚಿಸಲು ಬಂದಿದ್ದೇ ತಡವಾಗಿ.

ಕಂಕುಳಿನದ್ದೂ ತೆಗೆಯುತ್ತೀವಿ ಅಂದರು. ಅದು ಯಾಕೆ? ತೋಟದ ಕೆಲಸ ಮಾಡೋಕೆ ಆಗುತ್ತಾ?

ಎದೆ ಉಳಿಯುತ್ತದಾ ಹೋಗುತ್ತದಾ ಅಂತ ಎಲ್ಲರೂ ಯೋಚಿಸುತ್ತಾರೆ. ಕಂಕುಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಕೈಯಲ್ಲಿ ದುಡಿದು ತಿನ್ನುವವರಿಗೆ ಮುಂದೆ ಜೀವನ ಪೂರ್ತಿ ಕಾಡಬಹುದಾದದ್ದು ಇದೇ.

ಕ್ಯಾನ್ಸರ್ ಸ್ತನದಿಂದ ಹೊರಟರೆ ಸಾಮಾನ್ಯವಾಗಿ ಮೊದಲು ಕಂಕುಳಿನ ಗ್ರಂಥಿಗೆ ಬರುತ್ತದೆ. ಹಿಂದೆ ಎಲ್ಲರಿಗೂ ಆ ಗ್ರಂಥಿಗಳನ್ನು ಗುಡಿಸಿ ತೆಗೆಯುತ್ತಿದ್ದರು. ಈಗ ಸ್ಕ್ಯಾನ್‌ನಲ್ಲಿ ಕಂಕುಳು ಚೊಕ್ಕವಾಗಿ ಕಂಡರೆ ಸೆಂಟಿನಲ್ ಬಯಾಪ್ಸಿ ಮಾಡುತ್ತಾರೆ. ಎದೆಗೆ ನೀಲಿ ಬಣ್ಣವನ್ನೋ ಬೇರೆ ಗುರುತಿನ ದ್ರವವನ್ನೋ ಚುಚ್ಚಿ, ಅದು ಮೊದಲು ತಲುಪುವ ಎರಡು ಮೂರು ಗ್ರಂಥಿ ಮಾತ್ರ ತೆಗೆದು ಪರೀಕ್ಷೆ ಮಾಡುವುದು. ಅವುಗಳಲ್ಲಿ ಇಲ್ಲ ಅಂದರೆ ಉಳಿದದ್ದನ್ನು ಮುಟ್ಟುವುದಿಲ್ಲ. ಮಾರನೇ ದಿನ ಮೂತ್ರ ನೀಲಿ ಹಸಿರು ಬಣ್ಣದಲ್ಲಿ ಹೋದರೆ ಗಾಬರಿ ಬೇಡ, ಆ ಬಣ್ಣವೇ ಅದು.

ವ್ಯತ್ಯಾಸ ಎಷ್ಟು ಅಂದರೆ, ಪೂರ್ತಿ ಗ್ರಂಥಿ ತೆಗೆಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಸೆಂಟಿನಲ್ ಮಾತ್ರ ಆದವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. ಬಾವು ಬಂದರೆ ಬಳೆ ಏರುವುದಿಲ್ಲ, ರವಿಕೆ ತೋಳು ಬಿಗಿಯಾಗುತ್ತದೆ, ಕೈ ಭಾರ ಎನಿಸುತ್ತದೆ. ವರ್ಷಗಳ ಮೇಲೂ ಬರಬಹುದು. ಹಾಗಾಗಿ "ನನಗೆ ಸೆಂಟಿನಲ್ ಸಾಕಾಗುತ್ತದಾ, ಇಲ್ಲಿ ಮಾಡುತ್ತೀರಾ?" ಅಂತ ಕೇಳುವುದು ಎದೆಯ ಪ್ರಶ್ನೆಯಷ್ಟೇ ದೊಡ್ಡದು. ಸ್ಕ್ಯಾನ್‌ನಲ್ಲೇ ಗ್ರಂಥಿ ಊದಿ, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಇದೆ ಅಂತ ಬಂದಿದ್ದರೆ ಬಹಳ ಸಲ ಪೂರ್ತಿ ತೆಗೆಯಲೇಬೇಕಾಗುತ್ತದೆ.

ತೋಟದ ಕೆಲಸ ಮಾಡಬಹುದು. ಮೊದಲ ನಾಲ್ಕರಿಂದ ಆರು ವಾರ ಬಿಂದಿಗೆ, ಮೂಟೆ, ಸೌದೆ ಹೊರೆ ಎತ್ತಬಾರದು. ಆದರೆ ಕೈಯನ್ನು ಸುಮ್ನೆ ಕಟ್ಟಿಕೊಂಡು ಕೂರಬಾರದು. ಗೋಡೆಗೆ ಎದುರು ನಿಂತು ಬೆರಳಲ್ಲಿ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಡುತ್ತಾರೆ, ಅದನ್ನು ಬಿಡಬೇಡಿ. ಬಿಟ್ಟರೆ ಭುಜ ಗಟ್ಟಿಯಾಗಿ ಜಡೆ ಹಾಕಿಕೊಳ್ಳಲೂ ಆಗುವುದಿಲ್ಲ. ಆಮೇಲೆ ನಿಧಾನಕ್ಕೆ ಭಾರ ಜಾಸ್ತಿ ಮಾಡಿಕೊಳ್ಳಬಹುದು. "ಇನ್ನು ಮೇಲೆ ಆ ಕೈಯಲ್ಲಿ ಏನೂ ಎತ್ತಬಾರದು" ಅನ್ನುವುದು ಹಳೆಯ ಮಾತು. ನೋಡಿಕೊಳ್ಳಬೇಕಾದ್ದು ಗಾಯ. ಕಾಫಿ ಗಿಡದ ಕಡ್ಡಿ ಗೀರಿದ್ದು, ಕಿತ್ತಳೆ ಮುಳ್ಳು ಚುಚ್ಚಿದ್ದು, ಇಂಬಳ ಕಚ್ಚಿದ್ದು ಆ ಕೈಯಲ್ಲಿ ಬೇಗ ಕೀವಾಗುತ್ತದೆ. ತುಂಬು ತೋಳಿನ ಅಂಗಿ, ಗ್ಲೌಸ್ ಹಾಕಿ. ಕೈ ಕೆಂಪಾಗಿ ಜ್ವರ ಬಂದರೆ ಅರಿಶಿನ ಹಚ್ಚಿ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಇನ್ನೊಂದು ಎದೆಯನ್ನೂ ತೆಗೆಸಿಬಿಟ್ಟರೆ ಭಯ ಇರಲ್ಲ ಅಲ್ವಾ?

ಬಿಆರ್‌ಸಿಎ ಅನ್ನುವ ಜೀನ್ ದೋಷ ಇರುವವರ ಮಾತು ಬೇರೆ. ಅವರು ಡಾಕ್ಟರ ಜೊತೆ ಕೂತು ಮಾತಾಡಬೇಕು. ಮನೆಯಲ್ಲಿ ತಾಯಿ, ಅಕ್ಕತಂಗಿ, ಚಿಕ್ಕಮ್ಮನಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಆ ಪರೀಕ್ಷೆ ಬೇಕಾ ಅಂತ ಕೇಳಿ. ಉಳಿದವರಿಗೆ ಚೆನ್ನಾಗಿರುವ ಎದೆ ತೆಗೆಸಿದರೆ ಆಯಸ್ಸು ಜಾಸ್ತಿ ಆಗುವುದಿಲ್ಲ.

ಬೇರೆ ಕಡೆ ಹರಡಿದೆ, ಆಪರೇಷನ್ ಬೇಡ ಅಂತಿದ್ದಾರೆ. ಕೈಬಿಟ್ಟರಾ?

ಕೈಬಿಟ್ಟಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದನ್ನೇ ನಮ್ಮ ದೇಶದ 350 ಹೆಂಗಸರಲ್ಲಿ ನೋಡಿ 2015ರಲ್ಲಿ ಫಲಿತಾಂಶ ಹೇಳಿತು. ಮೂಳೆಗೋ ಲಿವರ್‌ಗೋ ಹೋದ ಮೇಲೆ ಎದೆಯ ಗಂಟು ತೆಗೆದರೂ, ತೆಗೆಯದಿದ್ದರೂ ಬದುಕಿದ ಕಾಲ ಹೆಚ್ಚು ಕಮ್ಮಿ ಒಂದೇ. ಆಗ ಔಷಧಿಯೇ ಮುಖ್ಯ. ಹುಣ್ಣಾಗಿ ರಕ್ತ ಬರುತ್ತಿದ್ದರೆ ಆರಾಮಕ್ಕೋಸ್ಕರ ಆಪರೇಷನ್ ಮಾಡುವುದು ಉಂಟು. "ಆಪರೇಷನ್ ಮಾಡ್ತೀವಿ ಬನ್ನಿ" ಅನ್ನುವ ಬೇರೆ ಆಸ್ಪತ್ರೆ ಹುಡುಕಿಕೊಂಡು ಹೋಗಿ ತೋಟ ಅಡ ಇಡಬೇಡಿ.

ಎದೆ ತೆಗೆಸಿದ ಮೇಲೆ ಹೊಸದಾಗಿ ಕಟ್ಟಿಕೊಡುತ್ತಾರಂತೆ?

ಹೌದು. ಸಿಲಿಕಾನ್ ಇಂಪ್ಲಾಂಟ್ ಇಡುವುದು ಒಂದು, ಬೆನ್ನಿನ ಅಥವಾ ಹೊಟ್ಟೆಯ ಮಾಂಸ ತಂದು ಕಟ್ಟುವುದು ಇನ್ನೊಂದು. ಅದೇ ಆಪರೇಷನ್‌ನಲ್ಲಿ ಮಾಡಬಹುದು, ವರ್ಷದ ಮೇಲೂ ಮಾಡಬಹುದು. ಪ್ಲಾಸ್ಟಿಕ್ ಸರ್ಜನ್ ಬೇಕು, ಖರ್ಚು ಜಾಸ್ತಿ, ಆಪರೇಷನ್ ದೊಡ್ಡದು. ರೇಡಿಯೇಷನ್ ಬೇಕಾಗುವವರಿಗೆ ಇಂಪ್ಲಾಂಟ್ ತೊಂದರೆ ಕೊಡುವುದು ಜಾಸ್ತಿ. ಪೂರ್ತಿ ತೆಗೆಸುವ ಮನಸ್ಸಿದ್ದರೆ ಆಪರೇಷನ್‌ಗೆ ಮುಂಚೆಯೇ ಇದರ ಬಗ್ಗೆ ಕೇಳಿ. ಆಮೇಲೆ ಕೇಳಿದರೆ ಚರ್ಮ ಉಳಿಸಿರುವುದಿಲ್ಲ.

ಏನೂ ಬೇಡ ಅನ್ನುವವರಿಗೆ ಬ್ರಾ ಒಳಗೆ ಇಡುವ ಸಿಲಿಕಾನ್ ಎದೆ ಸಿಗುತ್ತದೆ, ಹತ್ತಿ ನೂಲಿನಲ್ಲಿ ಹೆಣೆದದ್ದೂ ಸಿಗುತ್ತದೆ. ರವಿಕೆ ಹೊಲಿಯುವವರಿಗೆ ಒಳಗೊಂದು ಜೇಬು ಇಡಿ ಅಂದರೆ ಸಾಕು. ಗಾಯ ಪೂರ್ತಿ ಮಾಯುವ ತನಕ ಭಾರದ್ದು ಬೇಡ.

ಎಷ್ಟು ದಿನ ಯೋಚನೆ ಮಾಡಬಹುದು? ನಾಳೆಯೇ ಅಡ್ಮಿಟ್ ಆಗಿ ಅಂತಿದ್ದಾರೆ.

ಸಾಮಾನ್ಯವಾಗಿ ಒಂದೆರಡು ವಾರ ತಗೊಂಡರೆ ಏನೂ ಕೆಡುವುದಿಲ್ಲ. ಕೈಗೆ ಸಿಗುವ ಗಂಟು ಬಹಳ ದಿನದಿಂದ ಬೆಳೆದಿರುತ್ತದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ರಿಪೋರ್ಟ್ ಜೊತೆಗೆ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಗಾಜಿನ ಮೇಲೂ ಮೇಣದಲ್ಲೂ ಇಟ್ಟಿರುವ ಚೂರು) ಕೂಡ ಕೇಳಿ ತಗೊಂಡು ಹೋಗಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಂಪಾಗಿ ಉರಿಯುವ ಬಗೆಯದ್ದಾದರೆ ಮಾತ್ರ ಇಷ್ಟು ಪುರುಸೊತ್ತು ಇಲ್ಲ.

ಯೋಚನೆ ಮಾಡುವ ಹೆಸರಲ್ಲಿ ನಾಟಿ ಔಷಧಿ, ಪಥ್ಯ ಅಂತ ಮೂರು ತಿಂಗಳು ಕಳೆಯುವುದು ಬೇರೆ. ಅಷ್ಟರಲ್ಲಿ ಉಳಿಸಿಕೊಳ್ಳುವ ಆಯ್ಕೆ ಕೈ ತಪ್ಪಿರುತ್ತದೆ.

ದುಡ್ಡಿನ ವಿಷಯ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಆಪರೇಷನ್, ಕೀಮೋ, ರೇಡಿಯೇಷನ್ ಮೂರೂ ಇದರಲ್ಲಿ ಬರುತ್ತವೆ. ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೋಂದಣಿ ಆದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ದುಡ್ಡು ಕಟ್ಟುವ ಮುಂಚೆ ಅವರನ್ನು ನೋಡಿ, ಕಟ್ಟಿದ ಮೇಲೆ ವಾಪಸ್ ಬರುವುದು ಕಷ್ಟ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆ ಸಂಘದಲ್ಲಿ ಕೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ಫಾರಂ ತುಂಬಿಸಿಕೊಳ್ಳಬೇಕು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಹೇಗೂ ಇದೆ.

ಅಮ್ಮನಿಗೆ ಹೇಳದೆ ನಾವೇ ತೀರ್ಮಾನ ಮಾಡಿಬಿಡೋಣ ಅಂತಿದ್ದೀವಿ. ಸರೀನಾ?

ಗಂಡು ಮಕ್ಕಳು ಪ್ರೀತಿಯಿಂದಲೇ ಇದನ್ನು ಕೇಳುತ್ತಾರೆ. ಆದರೂ ಸರಿಯಲ್ಲ. ಅಮ್ಮನಿಗೆ ಗಂಟು ಇರುವುದು ಗೊತ್ತು, ನೀವು ಬಾಗಿಲ ಹೊರಗೆ ಪಿಸುಗುಡುವುದೂ ಗೊತ್ತು. "ಈ ವಯಸ್ಸಲ್ಲಿ ಅವಳಿಗೆ ಎದೆ ಯಾಕೆ" ಅಂತ ಮಗ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದ ಒಬ್ಬ ಅಮ್ಮ, ಅವರೆಲ್ಲ ಟೀ ಕುಡಿಯಲು ಹೋದಾಗ ನನ್ನ ಕೈ ಹಿಡಿದು "ಉಳಿಸೋಕೆ ಆಗುತ್ತಾ ಅಂತ ಕೇಳವ್ವ" ಅಂದರು. ಉಲ್ಟಾ ಕೂಡ ನಡೆಯುತ್ತದೆ. ಮಗಳು ಓದಿದವಳು, ಉಳಿಸಿಕೊಳ್ಳಲಿ ಅಂತಾಳೆ. ಅಮ್ಮನಿಗೆ ಒಂದೇ ಸಲ ಮುಗಿದರೆ ಸಾಕಾಗಿರುತ್ತದೆ.

ಡಾಕ್ಟರ ಕೋಣೆಗೆ ರೋಗಿ ಮತ್ತು ಅವರು ಆರಿಸಿದ ಒಬ್ಬರು ಹೋದರೆ ಸಾಕು. ಎಂಟು ಜನ ಹೋದರೆ ಎಂಟು ಜನರ ಪ್ರಶ್ನೆಗೆ ಉತ್ತರ ಸಿಗುತ್ತದೆ, ಅವರದ್ದಕ್ಕೆ ಸಿಗುವುದಿಲ್ಲ. ಹೆಂಗಸು ಡಾಕ್ಟರು ಅಥವಾ ನರ್ಸ್ ಹತ್ತಿರ ಐದು ನಿಮಿಷ ಒಬ್ಬರೇ ಮಾತಾಡಲು ಬಿಡಿ ಅಂತ ಕೇಳಿ. ಕೊಡುತ್ತಾರೆ.

ಗಂಟು ತೆಗೆಸಿ ಆಯಿತು. ಈಗ "ಅಂಚಿನಲ್ಲಿ ಇನ್ನೂ ಇದೆ, ಮತ್ತೆ ಆಪರೇಷನ್" ಅಂತಿದ್ದಾರೆ. ಮೊದಲನೆಯದು ಸರಿಯಾಗಿ ಮಾಡಿಲ್ವಾ?

ಹಾಗೇನಿಲ್ಲ. ತೆಗೆದ ಚೂರಿನ ಹೊರಮೈಗೆ ಮಸಿ ಬಳಿದು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಮಸಿ ಇರುವ ಅಂಚಿಗೆ ಕ್ಯಾನ್ಸರ್ ಕಣ ತಾಗಿದ್ದರೆ ಒಳಗೆ ಇನ್ನೂ ಉಳಿದಿರಬಹುದು ಅಂತ ಲೆಕ್ಕ. ಆಪರೇಷನ್ ಮಾಡುವಾಗ ಇದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೆಲವರಿಗೆ ಎರಡನೇ ಸಲ ಇನ್ನಷ್ಟು ಅಂಚು ತೆಗೆಯಬೇಕಾಗುತ್ತದೆ. ಆಗಲೂ ಚೊಕ್ಕವಾಗದಿದ್ದರೆ ಪೂರ್ತಿ ತೆಗೆಯುವ ಮಾತು ಬರುತ್ತದೆ. ಎದೆ ಉಳಿಸಿಕೊಳ್ಳುವುದನ್ನು ಆರಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಕೆಲವು ಆಸ್ಪತ್ರೆಗಳಲ್ಲಿ ರೋಗಿ ಟೇಬಲ್ ಮೇಲಿರುವಾಗಲೇ ಅಂಚನ್ನು ಪರೀಕ್ಷೆ ಮಾಡುವ ಫ್ರೋಜನ್ ಸೆಕ್ಷನ್ ಇದೆ. ಇಲ್ಲಿ ಇದೆಯಾ ಅಂತ ಮುಂಚೆಯೇ ಕೇಳಿ. ಆಪರೇಷನ್ ಆದ ಮೇಲಿನ ಬಯಾಪ್ಸಿ ರಿಪೋರ್ಟ್ ಬರಲು ಒಂದೆರಡು ವಾರ ಆಗುತ್ತದೆ. ಅದನ್ನು ತಗೊಳ್ಳದೆ, ಡಾಕ್ಟರಿಗೆ ತೋರಿಸದೆ ಇರಬೇಡಿ. ಹೊಲಿಗೆ ಬಿಚ್ಚಿದ ದಿನವೇ ಎಲ್ಲ ಮುಗಿಯಿತು ಅಂತ ಊರಿಗೆ ಹೋದವರು ಆಮೇಲೆ ಸಿಗುವುದೇ ಕಷ್ಟ.